ಎರಡು ಗ್ರಾಫಿಕ್ಸ್ ಕಾರ್ಡುಗಳು: ವೇಗವೋ, ಧಾರಣಶಕ್ತಿಯೋ?

ಉದ್ಯೋಗನಿಮಿತ್ತ ಘಟ್ಟವಿಳಿದು ಬಂದು ಮಂಗಳೂರಿನ ಕುಲಶೇಖರದಲ್ಲಿ ನೆಲೆಸಿರುವ ನಮ್ಮ ವಿದ್ಯಾಲಯದ ಹಳೆಯ ವಿದ್ಯಾರ್ಥಿಗಳು ಕೆಲವರಿದ್ದೇವೆ. 2023ರ ಕೊನೆಯ ಭಾಗದಲ್ಲಿ ಶಾಲೆಯ ಗಣಕ ಪ್ರಯೋಗಾಲಯಕ್ಕೆ ಒಂದು ಗ್ರಾಫಿಕ್ಸ್ ಕಾರ್ಡನ್ನು ಕಾಣಿಕೆಯಾಗಿ ಸಲ್ಲಿಸಬೇಕೆಂದು ನಾವು ನಿಶ್ಚಯಿಸಿದೆವು. ಹಣ ಕೂಡಿಸುವುದು ಕಷ್ಟವಾಗಲಿಲ್ಲ. ಯಾವ ಕಾರ್ಡನ್ನು ಕೊಳ್ಳಬೇಕೆಂಬುದೇ ಕಷ್ಟವಾಯಿತು.

ನಮ್ಮ ಕೈಗೆ ಎಟುಕುವ ಬೆಲೆಯಲ್ಲಿ ಎರಡು ಕಾರ್ಡುಗಳಿದ್ದವು. ಎರಡೂ ಎನ್‌ವಿಡಿಯಾ ಸಂಸ್ಥೆಯವು. ಒಂದು, 2021ರ ಫೆಬ್ರವರಿಯಲ್ಲಿ ಹೊರಬಂದ ಆರ್‌ಟಿಎಕ್ಸ್ 3060. ಇನ್ನೊಂದು, 2023ರ ಜೂನ್ ತಿಂಗಳಲ್ಲಿ ಹೊರಬಂದ ಆರ್‌ಟಿಎಕ್ಸ್ 4060. “ಕಾಣಿಕೆ ಕೊಡುವುದಾದರೆ ಹೊಸದನ್ನೇ ಕೊಡಬೇಕು, ಎರಡು ವರ್ಷ ಹಳತಾದುದನ್ನು ಕೊಡುವುದೆ?” ಎಂದು ಕೆಲವರು ಕೇಳಿದರು. ಆ ಕೆಲವರಲ್ಲಿ ಈ ಲೇಖಕನೂ ಒಬ್ಬ. “ಹಳೆಯದರಲ್ಲಿ ಮೆಮೊರಿ ಹೆಚ್ಚಿದೆಯಲ್ಲ!” ಎಂದು ಒಬ್ಬರು ಮಾತ್ರ ಪಟ್ಟು ಹಿಡಿದರು. ಅಂಗಡಿಯವರನ್ನು ಕೇಳಿದಾಗ “ಹೊಸದನ್ನೇ ಒಯ್ಯಿರಿ ಸಾರ್, ಎಲ್ಲರೂ ಅದನ್ನೇ ಒಯ್ಯುವುದು” ಎಂಬ ಉತ್ತರ ಬಂತು. ಎಲ್ಲರೂ ಒಯ್ಯುವುದು ಯಾವ ಕೆಲಸಕ್ಕೆ, ನಾವು ಒಯ್ಯಬೇಕಾಗಿರುವುದು ಯಾವ ಕೆಲಸಕ್ಕೆ ಎಂಬ ಪ್ರಶ್ನೆಯನ್ನು ಅಲ್ಲಿ ಯಾರೂ ಎತ್ತಲಿಲ್ಲ.

ಕೆಲಸವಾದರೋ ನಿಶ್ಚಿತವಾಗಿಯೇ ಇತ್ತು. ಶಾಲೆಯ ಒಂದು ಕಪಾಟಿನಲ್ಲಿ ಹಿಂದಿನ ದಶಕಗಳ ಉಪನ್ಯಾಸಗಳ ಕ್ಯಾಸೆಟ್ಟುಗಳಿವೆ. ವಾರ್ಷಿಕೋತ್ಸವಗಳಲ್ಲಿ ವಿದ್ವಾಂಸರು ಆಡಿದ ಮಾತುಗಳು, ನಿವೃತ್ತರಾದ ಗುರುಗಳ ವಿದಾಯ ಭಾಷಣಗಳು, ಹಳ್ಳಿಯ ಹಿರಿಯರು ಹೇಳಿದ ನೆನಪುಗಳು ಅವುಗಳಲ್ಲಿ ಅಡಗಿವೆ. ಕ್ಯಾಸೆಟ್ಟಿನ ಪಟ್ಟಿ ಶಾಶ್ವತವಾದುದಲ್ಲ. ತೇವದಿಂದ ಬೂಷ್ಟು ಹಿಡಿಯುತ್ತದೆ, ಅದರ ಮೇಲಿನ ಕಾಂತೀಯ ಲೇಪ ವರ್ಷಗಳು ಕಳೆದಂತೆ ಕಳಚಿಕೊಳ್ಳುತ್ತದೆ, ಧ್ವನಿ ಮಸುಕಾಗುತ್ತದೆ. ಆ ಧ್ವನಿಯನ್ನು ಗಣಕಕ್ಕೆ ಇಳಿಸಿ, ಗಣಕದ ನೆರವಿನಿಂದಲೇ ಅದನ್ನು ಕನ್ನಡ ಬರೆಹವಾಗಿ ಪರಿವರ್ತಿಸಿ, ಮಕ್ಕಳು ಓದುವಂತೆ ಮಾಡಬೇಕೆಂಬುದು ಅಧ್ಯಾಪಕರ ಹಂಬಲ. ಅದಕ್ಕಾಗಿಯೇ ಅವರು ಕಾರ್ಡನ್ನು ಕೇಳಿದ್ದು.

ಈ ಎರಡು ಕಾರ್ಡುಗಳನ್ನು ತೂಗಿ ನೋಡಿದಾಗ ನಾವು ಕಲಿತುದನ್ನು ಶಾಲೆಯ ಅಧ್ಯಾಪಕರೂ ದಾನಿಗಳೂ ತಿಳಿದಿರುವುದು ಉಪಯುಕ್ತವೆಂದು ಭಾವಿಸಿ ಇಲ್ಲಿ ವಿವರಿಸಿದೆ. ವಿಷಯ ತಾಂತ್ರಿಕವಾದರೂ ಗುಣಾಕಾರ, ಭಾಗಾಕಾರ ಬಲ್ಲವರೆಲ್ಲರೂ ಇದನ್ನು ಪರೀಕ್ಷಿಸಿ ನೋಡಬಹುದು.

ಗ್ರಾಫಿಕ್ಸ್ ಕಾರ್ಡು ಎಂದರೇನು?

ಗಣಕದ ತೆರೆಯ ಮೇಲೆ ಕಾಣುವ ಚಿತ್ರವು ಬಣ್ಣದ ಚುಕ್ಕೆಗಳ ಒಂದು ಜಾಲ. ಸಾಮಾನ್ಯವಾದ ತೆರೆಯೊಂದರಲ್ಲಿ ಅಡ್ಡಲಾಗಿ 1920, ಉದ್ದವಾಗಿ 1080 ಚುಕ್ಕೆಗಳಿರುತ್ತವೆ. ಗುಣಿಸಿದರೆ 20,73,600. ಚಲಿಸುವ ಚಿತ್ರವು ನುಣುಪಾಗಿ ಕಾಣಬೇಕಾದರೆ ಸೆಕೆಂಡಿಗೆ ಸುಮಾರು 60 ಬಾರಿ ಈ ಜಾಲವನ್ನು ಹೊಸದಾಗಿ ಬರೆಯಬೇಕು. ಅಂದರೆ ಪ್ರತಿ ಸೆಕೆಂಡಿಗೂ 12 ಕೋಟಿ 44 ಲಕ್ಷಕ್ಕೂ ಮಿಕ್ಕಿದ ಚುಕ್ಕೆಗಳ ಬಣ್ಣವನ್ನು ಲೆಕ್ಕ ಹಾಕಬೇಕಾಗುತ್ತದೆ. ಮೂರು ಆಯಾಮದ ದೃಶ್ಯವಾದರೆ ಒಂದೊಂದು ಚುಕ್ಕೆಗೂ ಬೆಳಕು, ನೆರಳು, ದೂರಗಳ ಗಣಿತ ಪ್ರತ್ಯೇಕ.

ಗಣಕದ ಮುಖ್ಯ ಸಂಸ್ಕಾರಕವು ಬುದ್ಧಿವಂತನಾದ ಒಬ್ಬ ಗುಮಾಸ್ತನಂತೆ. ಎಂಥ ಜಟಿಲ ಲೆಕ್ಕವನ್ನಾದರೂ ಮಾಡಬಲ್ಲ. ಆದರೆ ಆತನ ಕೈಗಳು ಕೆಲವೇ. ಚುಕ್ಕೆಗಳ ಲೆಕ್ಕ ಜಟಿಲವಲ್ಲ, ಅಪಾರ. ಒಂದೇ ಬಗೆಯ ಸರಳ ಲೆಕ್ಕವನ್ನು ಲಕ್ಷಾಂತರ ಸಲ ಮಾಡಬೇಕು. ಅದಕ್ಕೆ ಒಬ್ಬ ಪಂಡಿತನಿಗಿಂತ ಮಗ್ಗಿ ಬಲ್ಲ ಸಾವಿರಾರು ಬಾಲಕರು ಏಕಕಾಲದಲ್ಲಿ ಕುಳಿತು ಬರೆಯುವುದು ಮೇಲು. ಸಾವಿರಾರು ಚಿಕ್ಕ ಗಣನ ಘಟಕಗಳನ್ನು ಒಂದೇ ಸಿಲಿಕಾನ್ ಬಿಲ್ಲೆಯ ಮೇಲೆ ನೆಲೆಗೊಳಿಸಿ, ಅವುಗಳಿಗೆ ಸ್ವಂತದ ಮೆಮೊರಿಯನ್ನೂ ಗಾಳಿ ಬೀಸುವ ಫ್ಯಾನುಗಳನ್ನೂ ಒದಗಿಸಿದ ಫಲಕವೇ ಗ್ರಾಫಿಕ್ಸ್ ಕಾರ್ಡು.

1993ರಲ್ಲಿ ಸ್ಥಾಪಿತವಾದ ಎನ್‌ವಿಡಿಯಾ ಸಂಸ್ಥೆಯು 1999ರಲ್ಲಿ ಜಿಫೋರ್ಸ್ 256 ಎಂಬ ಕಾರ್ಡನ್ನು ಹೊರತಂದಾಗ ಅದರ ಗುರಿ ಆಟಗಳ ಚಿತ್ರಣವೇ ಆಗಿತ್ತು. 2006ರಲ್ಲಿ ಆ ಸಂಸ್ಥೆ ಕೂಡಾ ಎಂಬ ವ್ಯವಸ್ಥೆಯನ್ನು ಪ್ರಕಟಿಸಿತು. ಅದರ ಮೂಲಕ ಚಿತ್ರಕ್ಕೆ ಸಂಬಂಧಿಸದ ಲೆಕ್ಕಗಳನ್ನೂ ಈ ಸಾವಿರಾರು ಘಟಕಗಳಿಂದ ಮಾಡಿಸುವುದು ಸುಲಭವಾಯಿತು. ಹವಾಮಾನದ ಮುನ್ಸೂಚನೆ, ಅಣುಗಳ ಅಧ್ಯಯನ, ಮಾತನ್ನು ಬರೆಹವಾಗಿಸುವ ಕೃತಕ ಬುದ್ಧಿಮತ್ತೆ, ಇವೆಲ್ಲದರ ಒಳಗಿರುವುದು ಅದೇ ಬಗೆಯ ಲೆಕ್ಕ: ಅಂಕೆಗಳ ಉದ್ದನೆಯ ಸಾಲುಗಳನ್ನು ಗುಣಿಸುವುದು, ಕೂಡಿಸುವುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪಿತವಾದ ಪರಮ್ ಪ್ರವೇಗ ಮಹಾಗಣಕದಲ್ಲಿಯೂ ಇಂಥ ಗ್ರಾಫಿಕ್ಸ್ ಸಂಸ್ಕಾರಕಗಳು ದುಡಿಯುತ್ತವೆ. ಎನ್‌ವಿಡಿಯಾಕ್ಕೂ ಅದರ ಪ್ರತಿಸ್ಪರ್ಧಿಯಾದ ಎಎಂಡಿಗೂ ಬೆಂಗಳೂರಿನಲ್ಲಿ ವಿನ್ಯಾಸ ಕೇಂದ್ರಗಳಿದ್ದು, ಎಎಂಡಿ ಸಂಸ್ಥೆಯು ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು 2023ರ ನವೆಂಬರಿನಲ್ಲಿ ಅಲ್ಲಿಯೇ ತೆರೆಯಿತು. ಈ ವಿದ್ಯೆ ನಮ್ಮ ನಾಡಿಗೆ ದೂರದ್ದಲ್ಲ.

ಒಂದು ಉಪಮಾನ

ಕುಲಶೇಖರವೆಂದೊಡನೆ ದಕ್ಷಿಣ ಕನ್ನಡ ಜಿಲ್ಲೆಯವರಿಗೆ ಮೊದಲು ನೆನಪಾಗುವುದು ಸಹಕಾರಿ ಹಾಲು ಉತ್ಪಾದಕರ ಒಕ್ಕೂಟದ ಡೈರಿ. ಡೈರಿಯೊಂದರ ಕೆಲಸವನ್ನು ಮನಸ್ಸಿಗೆ ತಂದುಕೊಂಡರೆ ಗ್ರಾಫಿಕ್ಸ್ ಕಾರ್ಡಿನ ರಚನೆ ತಾನಾಗಿ ತಿಳಿಯುತ್ತದೆ.

ಡೈರಿಯಲ್ಲಿ ಹಾಲನ್ನು ತುಂಬಿಡುವ ದೊಡ್ಡ ತೊಟ್ಟಿ ಇರುತ್ತದೆ. ಇದು ಕಾರ್ಡಿನ ಮೆಮೊರಿ. ಪೊಟ್ಟಣ ತುಂಬುವ ಯಂತ್ರಗಳಿರುತ್ತವೆ. ಇವು ಗಣನ ಘಟಕಗಳು. ತೊಟ್ಟಿಯಿಂದ ಯಂತ್ರಗಳಿಗೆ ಹಾಲನ್ನು ಸಾಗಿಸುವ ಕೊಳವೆ ಇರುತ್ತದೆ. ಇದರ ಅಗಲವೇ ಮೆಮೊರಿಯ ಮಾರ್ಗದ ಅಗಲ. ಯಂತ್ರದ ಪಕ್ಕದಲ್ಲಿಯೇ ಒಂದು ಸಣ್ಣ ಪಾತ್ರೆ ಇದ್ದರೆ ಪ್ರತಿಯೊಂದು ಹನಿಗೂ ದೊಡ್ಡ ತೊಟ್ಟಿಯನ್ನು ಕಾಯಬೇಕಾಗುವುದಿಲ್ಲ. ಇದನ್ನು ಗಣಕದವರು ಕ್ಯಾಶ್ ಎನ್ನುತ್ತಾರೆ. ಕೊನೆಯದಾಗಿ, ಹಳ್ಳಿಗಳಿಂದ ಹಾಲಿನ ಟ್ಯಾಂಕರು ಬರುವ ಹೊರಗಿನ ರಸ್ತೆ ಇದೆ. ಇದು ಕಾರ್ಡಿಗೂ ಗಣಕದ ಉಳಿದ ಭಾಗಕ್ಕೂ ಇರುವ ಸಂಪರ್ಕ.

ಯಂತ್ರಗಳೆಷ್ಟೇ ಚುರುಕಾಗಿದ್ದರೂ ಕೊಳವೆ ಕಿರಿದಾದರೆ ಅವು ಕಾದು ನಿಲ್ಲುತ್ತವೆ. ಕೊಳವೆ ಅಗಲವಾಗಿದ್ದು ತೊಟ್ಟಿ ಚಿಕ್ಕದಾದರೆ ಹಾಲು ತುಂಬಿದ ಟ್ಯಾಂಕರು ರಸ್ತೆಯಲ್ಲಿಯೇ ಉಳಿಯುತ್ತದೆ. ಆದುದರಿಂದ ಯಾವುದೇ ಒಂದು ಅಂಕೆಯನ್ನು ಹಿಡಿದುಕೊಂಡು ಇಡೀ ಡೈರಿಯ ಯೋಗ್ಯತೆಯನ್ನು ನಿರ್ಣಯಿಸುವುದು ಸಾಧ್ಯವಿಲ್ಲ. ಕಾರ್ಡುಗಳ ವಿಷಯವೂ ಹೀಗೆಯೇ.

ಎರಡು ಕಾರ್ಡುಗಳ ಅಂಕೆಗಳು

ಓದುಗರ ಅನುಕೂಲಕ್ಕಾಗಿ ಎರಡೂ ಕಾರ್ಡುಗಳ ಮುಖ್ಯ ಲಕ್ಷಣಗಳನ್ನು ಒಂದೆಡೆ ಕೊಟ್ಟಿದೆ. ಮೊದಲನೆಯದು 3060ರ, ಎರಡನೆಯದು 4060ರ ಅಂಕೆ.

ಗಣನ ಘಟಕಗಳು: 3584, 3072.
ಗರಿಷ್ಠ ಗಡಿಯಾರ ವೇಗ, ಮೆಗಾಹರ್ಟ್ಸ್‌ಗಳಲ್ಲಿ: 1777, 2460.
ಮೆಮೊರಿ, ಗಿಗಾಬೈಟುಗಳಲ್ಲಿ: 12, 8.
ಮೆಮೊರಿಯ ಮಾರ್ಗದ ಅಗಲ, ಬಿಟ್ಟುಗಳಲ್ಲಿ: 192, 128.
ಎರಡನೆಯ ಹಂತದ ಕ್ಯಾಶ್, ಮೆಗಾಬೈಟುಗಳಲ್ಲಿ: 3, 24.
ವಿದ್ಯುತ್ತಿನ ಗರಿಷ್ಠ ಬಳಕೆ, ವ್ಯಾಟ್‌ಗಳಲ್ಲಿ: 170, 115.
ಬಿಡುಗಡೆಯ ವೇಳೆ ಅಮೆರಿಕದಲ್ಲಿ ಘೋಷಿಸಿದ ಬೆಲೆ, ಡಾಲರುಗಳಲ್ಲಿ: 329, 299.

ಮೇಲಿನ ಮೊದಲ ಸಾಲೇ ಒಂದು ಒಗಟು. ಹೊಸ ಕಾರ್ಡಿನಲ್ಲಿ ಘಟಕಗಳ ಸಂಖ್ಯೆ ಕಡಿಮೆಯಾಗಿದೆ! ಹಾಗಾದರೆ ಅದು ನಿಧಾನವೆ? ಅಲ್ಲ. ಪ್ರತಿಯೊಂದು ಘಟಕವೂ ಗಡಿಯಾರದ ಒಂದು ಸ್ಪಂದನದಲ್ಲಿ ಒಂದು ಗುಣಾಕಾರ, ಒಂದು ಸಂಕಲನ, ಹೀಗೆ ಎರಡು ಲೆಕ್ಕಗಳನ್ನು ಮಾಡಬಲ್ಲುದು. ಆದುದರಿಂದ 3584ನ್ನು 2ರಿಂದಲೂ ಸೆಕೆಂಡಿನ 177.7 ಕೋಟಿ ಸ್ಪಂದನಗಳಿಂದಲೂ ಗುಣಿಸಿದರೆ ಹಳೆಯ ಕಾರ್ಡಿನ ಗರಿಷ್ಠ ಗಣನಶಕ್ತಿ ದೊರೆಯುತ್ತದೆ. ಅದು ಸೆಕೆಂಡಿಗೆ ಸುಮಾರು 12.7 ಲಕ್ಷ ಕೋಟಿ ಲೆಕ್ಕಗಳು. ಹೊಸದರಲ್ಲಿ 3072, 2, 246 ಕೋಟಿ ಇವುಗಳ ಗುಣಲಬ್ಧ ಸುಮಾರು 15.1 ಲಕ್ಷ ಕೋಟಿ. ಘಟಕಗಳು ಕಡಿಮೆಯಾದರೂ ಒಂದೊಂದೂ ಹೆಚ್ಚು ಚುರುಕಾದುದರಿಂದ ಹೊಸ ಕಾರ್ಡು ಶೇಕಡಾ 19ರಷ್ಟು ಮುಂದಿದೆ.

ಈ ಚುರುಕಿಗೆ ಕಾರಣ ತಯಾರಿಕೆಯ ಸೂಕ್ಷ್ಮತೆ. 3060ರ ಬಿಲ್ಲೆಯನ್ನು ದಕ್ಷಿಣ ಕೊರಿಯದ ಸ್ಯಾಮ್‌ಸಂಗ್ ಸಂಸ್ಥೆ ತಯಾರಿಸಿತು. ಅದರ ವಿಸ್ತೀರ್ಣ ಸುಮಾರು 276 ಚದರ ಮಿಲಿಮೀಟರ್, ಅದರಲ್ಲಿರುವ ಟ್ರಾನ್ಸಿಸ್ಟರುಗಳು ಸುಮಾರು 1,200 ಕೋಟಿ. 4060ರ ಬಿಲ್ಲೆ ತೈವಾನಿನ ಟಿಎಸ್‌ಎಂಸಿ ಸಂಸ್ಥೆಯದು. ವಿಸ್ತೀರ್ಣ ಸುಮಾರು 159 ಚದರ ಮಿಲಿಮೀಟರಿಗೆ ಇಳಿದಿದ್ದರೂ ಟ್ರಾನ್ಸಿಸ್ಟರುಗಳು ಸುಮಾರು 1,890 ಕೋಟಿ. ಅರ್ಧಕ್ಕಿಂತ ಸ್ವಲ್ಪ ಹೆಚ್ಚಿನ ಜಾಗದಲ್ಲಿ ಒಂದೂವರೆ ಪಟ್ಟಿಗೂ ಮಿಕ್ಕ ಟ್ರಾನ್ಸಿಸ್ಟರುಗಳು! ಚಿಕ್ಕದಾದಷ್ಟೂ ಕಡಿಮೆ ವಿದ್ಯುತ್ತಿನಿಂದ ವೇಗವಾಗಿ ಓಡಬಲ್ಲವು. ಆದುದರಿಂದಲೇ 170 ವ್ಯಾಟಿನ ಕೆಲಸ 115 ವ್ಯಾಟಿಗೆ ಇಳಿಯಿತು.

ಕೊಳವೆಯ ಲೆಕ್ಕ ಬೇರೆ. ಹಳೆಯ ಕಾರ್ಡಿನ ಮೆಮೊರಿಯಿಂದ ಪ್ರತಿಯೊಂದು ತಂತುವಿನಲ್ಲಿಯೂ ಸೆಕೆಂಡಿಗೆ 15 ಗಿಗಾಬಿಟ್ ಹರಿಯುತ್ತದೆ. ತಂತುಗಳು 192. ಗುಣಿಸಿ, ಎಂಟು ಬಿಟ್ಟಿಗೆ ಒಂದು ಬೈಟಿನಂತೆ ಭಾಗಿಸಿದರೆ ಸೆಕೆಂಡಿಗೆ 360 ಗಿಗಾಬೈಟ್. ಹೊಸದರಲ್ಲಿ ಪ್ರತಿ ತಂತುವಿನಲ್ಲಿ 17 ಗಿಗಾಬಿಟ್, ತಂತುಗಳು 128. ಫಲಿತಾಂಶ 272 ಗಿಗಾಬೈಟ್. ಇಲ್ಲಿ ಹಳೆಯದೇ ಮೇಲು. ಈ ಕೊರತೆಯನ್ನು ತುಂಬಿಕೊಳ್ಳಲೆಂದೇ ಹೊಸ ಕಾರ್ಡಿನ ಕ್ಯಾಶನ್ನು 3ರಿಂದ 24 ಮೆಗಾಬೈಟಿಗೆ ಏರಿಸಿದರು. ಕೊಳವೆ ಕಿರಿದಾಯಿತು, ಯಂತ್ರದ ಪಕ್ಕದ ಪಾತ್ರೆ ಎಂಟು ಪಟ್ಟು ದೊಡ್ಡದಾಯಿತು. ಬಹುತೇಕ ಆಟಗಳಲ್ಲಿ ಈ ಉಪಾಯ ಫಲಿಸುತ್ತದೆ.

ಓಟದಲ್ಲಿ ಯಾವುದು ಮುಂದು?

ಆಟಗಳ ಚಿತ್ರಣದಲ್ಲಿ, 1920 ಗುಣಿಲೆ 1080ರ ತೆರೆಯಲ್ಲಿ, ಹೊಸ ಕಾರ್ಡು ಹಳೆಯದಕ್ಕಿಂತ ಸಾಮಾನ್ಯವಾಗಿ ಶೇಕಡಾ 20ರ ಆಸುಪಾಸಿನಲ್ಲಿ ಅಥವಾ ಅದಕ್ಕಿಂತ ತುಸು ಕಡಿಮೆ ಅಂತರದಿಂದ ಮುಂದಿದೆ. ನಾವು ಮೇಲೆ ಕಂಡ ಗಣನಶಕ್ತಿಯ ಅಂತರಕ್ಕೆ ಇದು ಹೊಂದಿಕೊಳ್ಳುತ್ತದೆ. ಮೂರು ಆಯಾಮದ ಚಿತ್ರಗಳನ್ನು ರಚಿಸುವ ಬ್ಲೆಂಡರಿನಂಥ ತಂತ್ರಾಂಶದಲ್ಲಿಯೂ, ಚಿತ್ರಿಸಬೇಕಾದ ದೃಶ್ಯ ಮೆಮೊರಿಯಲ್ಲಿ ಹಿಡಿಸುವವರೆಗೆ, ಹೊಸದೇ ವೇಗದ್ದು. ವೀಡಿಯೊ ಸಂಕಲನ ಮಾಡುವವರಿಗೆ ಇನ್ನೊಂದು ಅನುಕೂಲವಿದೆ: ಎವಿ1 ಎಂಬ ಹೊಸ ಮಾದರಿಯಲ್ಲಿ ವೀಡಿಯೊವನ್ನು ಕುಗ್ಗಿಸಿ ಬರೆಯುವ ಯಂತ್ರಾಂಗ 4060ರಲ್ಲಿ ಉಂಟು, 3060ರಲ್ಲಿ ಇಲ್ಲ.

ಆದರೆ ಜಾಹೀರಾತುಗಳಲ್ಲಿ ಇದಕ್ಕಿಂತ ಬಹಳ ದೊಡ್ಡ ಅಂತರವನ್ನು ತೋರಿಸುವುದುಂಟು. ಅದರ ಗುಟ್ಟೇನು? ಹೊಸ ಕಾರ್ಡು ಎರಡು ಚಿತ್ರಗಳನ್ನು ಲೆಕ್ಕ ಹಾಕಿ, ಅವುಗಳ ನಡುವೆ ಬರಬಹುದಾದ ಮೂರನೆಯದನ್ನು ಊಹಿಸಿ ಸೇರಿಸಬಲ್ಲುದು. ಇದರಿಂದ ತೆರೆಯ ಮೇಲಿನ ಚಲನೆ ನುಣುಪಾಗುವುದು ನಿಜ. ಚಿತ್ರಗಳ ಎಣಿಕೆ ಹೆಚ್ಚುವುದೂ ನಿಜ. ಆದರೆ ಊಹಿಸಿದ ಚಿತ್ರವು ಲೆಕ್ಕ ಹಾಕಿದ ಚಿತ್ರವಲ್ಲ. ಆಟವಾಡುವವನಿಗೆ ಇದು ಸಂತೋಷ ಕೊಡಬಹುದು. ಕ್ಯಾಸೆಟ್ಟಿನ ಮಾತನ್ನು ಬರೆಹವಾಗಿಸುವ ಕೆಲಸಕ್ಕೆ ಇದರಿಂದ ಎಳ್ಳಷ್ಟೂ ಪ್ರಯೋಜನವಿಲ್ಲ.

ತೊಟ್ಟಿ ತುಂಬಿದರೆ ಆಗುವುದೇನು?

ತೆರೆಯ ಮೇಲಿನ ಒಂದು ಚಿತ್ರಕ್ಕೆ ಬೇಕಾದ ಜಾಗ ಬಹಳ ಸಣ್ಣದು. 20,73,600 ಚುಕ್ಕೆಗಳಿಗೆ ತಲಾ 4 ಬೈಟಿನಂತೆ ಸುಮಾರು 8.3 ಮೆಗಾಬೈಟ್ ಸಾಕು. ಹಾಗಿದ್ದರೆ ಗಿಗಾಬೈಟುಗಟ್ಟಲೆ ಮೆಮೊರಿ ಏಕೆ ಬೇಕು ಎಂದು ವಿದ್ಯಾರ್ಥಿಯೊಬ್ಬ ಕೇಳಿದರೆ ಆ ಪ್ರಶ್ನೆ ಯೋಗ್ಯವಾದುದೇ. ಚಿತ್ರಕ್ಕಲ್ಲ, ಚಿತ್ರ ಬರೆಯಲು ಬೇಕಾದ ಸಾಮಗ್ರಿಗೆ ಜಾಗ ಬೇಕು. ಗೋಡೆ, ನೆಲ, ಮರಗಳ ಮೇಲ್ಮೈಯನ್ನು ಹೊದಿಸುವ ಚಿತ್ರಪಟವೊಂದು ಉದ್ದಗಲಕ್ಕೂ 4096 ಚುಕ್ಕೆಗಳದ್ದಾದರೆ, ಕುಗ್ಗಿಸದ ರೂಪದಲ್ಲಿ ಅದೊಂದೇ 6.7 ಕೋಟಿ ಬೈಟುಗಳನ್ನು ಬೇಡುತ್ತದೆ. ಅಂಥ ನೂರು ಸೇರಿದರೆ 6.7 ಗಿಗಾಬೈಟ್. ಕೃತಕ ಬುದ್ಧಿಮತ್ತೆಯ ಕೆಲಸದಲ್ಲಿ ಈ ಸಾಮಗ್ರಿಯೆಂದರೆ ಕೋಟ್ಯಂತರ ಅಂಕೆಗಳ ಒಂದು ಮಾದರಿ. ಲೆಕ್ಕ ನಡೆಯುವಾಗ ಆ ಅಂಕೆಗಳೆಲ್ಲವೂ ಮೆಮೊರಿಯಲ್ಲಿ ಇರಬೇಕು.

ಅವು ಹಿಡಿಸದಿದ್ದರೆ ಎರಡರಲ್ಲಿ ಒಂದಾಗುತ್ತದೆ. ಜಾಗವಿಲ್ಲವೆಂದು ಹೇಳಿ ಕೆಲಸ ನಿಂತೇ ಹೋಗಬಹುದು. ಅಥವಾ ಉಳಿದ ಸಾಮಗ್ರಿ ಗಣಕದ ಸಾಮಾನ್ಯ ಮೆಮೊರಿಯಲ್ಲಿ ತಂಗಿ, ಬೇಕಾದಾಗಲೆಲ್ಲ ಹೊರಗಿನ ರಸ್ತೆಯಿಂದ ಬರಬಹುದು. ಆ ರಸ್ತೆಯ ಅಗಲವನ್ನು ಇಲ್ಲಿ ಗಮನಿಸಬೇಕು. ಕುಲಶೇಖರದ ಜನರಿಗೆ ಇದನ್ನು ವಿವರಿಸುವುದು ಸುಲಭ. ಪಡೀಲಿನಿಂದ ಕುಲಶೇಖರಕ್ಕೆ ಹಿಂದೆ ಒಂದೇ ರೈಲು ಹಳಿಯಿತ್ತು, 2022ರಲ್ಲಿ ಜೋಡಿ ಹಳಿಯಾಯಿತು. ಒಂದೇ ಹಳಿಯಿದ್ದಾಗ ಒಂದು ಗಾಡಿ ದಾಟುವವರೆಗೆ ಇನ್ನೊಂದು ನಿಲ್ಲಲೇಬೇಕು. ಕಾರ್ಡಿನ ಸಂಪರ್ಕದಲ್ಲಿಯೂ ಇಂಥ ಹಳಿಗಳಿವೆ. 3060ಕ್ಕೆ 16 ಹಳಿಗಳು, 4060ಕ್ಕೆ 8 ಮಾತ್ರ. ನಾಲ್ಕನೆಯ ಪೀಳಿಗೆಯ ಪಿಸಿಐ ಎಕ್ಸ್‌ಪ್ರೆಸ್ ಎಂಬ ಹೊಸ ಮಾರ್ಗದಲ್ಲಿ 8 ಹಳಿಗಳಿಂದ ಸೆಕೆಂಡಿಗೆ ಸುಮಾರು 16 ಗಿಗಾಬೈಟ್ ಸಾಗುತ್ತದೆ. ಕಾರ್ಡಿನ ಸ್ವಂತ ಮೆಮೊರಿಯ 272ರೊಡನೆ ಹೋಲಿಸಿದರೆ ಇದು ಹದಿನೇಳನೆಯ ಒಂದು ಪಾಲು. ಗಣಕವು ಹಳೆಯದಾಗಿದ್ದು ಮೂರನೆಯ ಪೀಳಿಗೆಯ ಮಾರ್ಗವಷ್ಟೇ ಇದ್ದರೆ 8 ಗಿಗಾಬೈಟಿಗೆ ಇಳಿಯುತ್ತದೆ. ಆಗ ಮೂವತ್ತನಾಲ್ಕನೆಯ ಒಂದು ಪಾಲು. ಶಾಲೆಗಳಲ್ಲಿರುವ ಗಣಕಗಳು ಸಾಮಾನ್ಯವಾಗಿ ಹಳೆಯವೇ ಎಂಬುದನ್ನು ದಾನಿಗಳು ಮರೆಯಬಾರದು.

ಹೀಗೆ, ಸಾಮಗ್ರಿ ಹಿಡಿಸುವವರೆಗೆ ಶೇಕಡಾ 19ರಷ್ಟು ಮುಂದಿದ್ದ ಕಾರ್ಡು, ಹಿಡಿಸದಿದ್ದಾಗ ಹಲವು ಪಟ್ಟು ಹಿಂದೆ ಬೀಳುತ್ತದೆ. ವೇಗದ ಕೊರತೆಯಿದ್ದರೆ ಸ್ವಲ್ಪ ಕಾಯಬೇಕಾಗುತ್ತದೆ, ಅಷ್ಟೆ. ಧಾರಣಶಕ್ತಿಯ ಕೊರತೆಯಿದ್ದರೆ ಕೆಲಸವೇ ಕೆಡಬಹುದು. ಎರಡು ಕೊರತೆಗಳೂ ಸಮಾನವಲ್ಲ. ಈ ಒಂದು ಮಾತು ನಮಗೆ ಹೊಳೆಯಲು ತಡವಾಯಿತು.

ಕನ್ನಡದ ಕೆಲಸಕ್ಕೆ ಯಾವುದು?

ಕುಲಶೇಖರದಿಂದ ಮೂಡುಬಿದಿರೆಯ ರಸ್ತೆಯಲ್ಲಿ ಮುಂದೆ ಸಾಗಿ ಗುರುಪುರವನ್ನು ದಾಟಿದರೆ ಕಿನ್ನಿಕಂಬಳದ ಕಡೆಗೆ ಹೋಗಬಹುದು. ಕನ್ನಡದ ಕೀಲಿಮಣೆ ವಿನ್ಯಾಸವನ್ನು ರೂಪಿಸಿದ ನಾಡೋಜ ಕಿನ್ನಿಕಂಬಳ ಪದ್ಮನಾಭ ರಾವ್ ಅವರ ಹುಟ್ಟೂರು ಅದು. ಅವರ ವಿನ್ಯಾಸವೇ ಮುಂದೆ ಕರ್ನಾಟಕ ಸರ್ಕಾರದ ಮಾನ್ಯತೆ ಪಡೆದು ನುಡಿ ತಂತ್ರಾಂಶದ ಮೂಲಕ ಶಾಲೆ, ಕಚೇರಿಗಳಲ್ಲಿ ನೆಲೆಯೂರಿತು. ಕನ್ನಡವನ್ನು ಗಣಕದೊಳಕ್ಕೆ ಬರೆಯುವುದು ಹೇಗೆಂಬುದು ಅಂದಿನ ಪ್ರಶ್ನೆ. ಕನ್ನಡದ ಮಾತನ್ನು ಗಣಕವು ಕೇಳಿ ತಿಳಿಯುವುದು ಹೇಗೆಂಬುದು ಇಂದಿನ ಪ್ರಶ್ನೆ. ಇಲ್ಲಿ ಮೆಮೊರಿಯ ಮಹತ್ತ್ವ ಎದ್ದು ಕಾಣುತ್ತದೆ.

ಓಪನ್‌ಎಐ ಸಂಸ್ಥೆಯು 2022ರ ಸೆಪ್ಟೆಂಬರಿನಲ್ಲಿ ವಿಸ್ಪರ್ ಎಂಬ ಮಾದರಿಯನ್ನು ಎಲ್ಲರ ಉಪಯೋಗಕ್ಕೂ ಮುಕ್ತವಾಗಿ ಬಿಡುಗಡೆ ಮಾಡಿತು. ಮಾತನ್ನು ಕೇಳಿ ಬರೆಹವಾಗಿಸುವುದು ಅದರ ಕೆಲಸ. ಒಟ್ಟು 6,80,000 ಗಂಟೆಗಳ ಧ್ವನಿಯಿಂದ ಅದಕ್ಕೆ ಪಾಠ ಹೇಳಲಾಯಿತು. ಅದು ಬಲ್ಲ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಸೇರಿದೆ. ಆದರೆ ಪಾಠದ ಧ್ವನಿಯಲ್ಲಿ ಕನ್ನಡದ ಪಾಲು ಬಹು ಅಲ್ಪ. ಇಂಗ್ಲಿಷಿನ ಭಾಷಣವನ್ನು ಅದರ ಸಣ್ಣ ರೂಪವೇ ಚೆನ್ನಾಗಿ ಬರೆದುಕೊಟ್ಟೀತು. ಅಲ್ಪಸ್ವಲ್ಪವೇ ಕಲಿತ ಭಾಷೆಗಳಲ್ಲಿ ದೊಡ್ಡ ರೂಪವನ್ನು ಆಶ್ರಯಿಸದೆ ಗತಿಯಿಲ್ಲ. ಆ ದೊಡ್ಡ ರೂಪದಲ್ಲಿರುವ ಅಂಕೆಗಳು 155 ಕೋಟಿ. ಅದನ್ನು ನಡೆಸಲು ಸುಮಾರು 10 ಗಿಗಾಬೈಟ್ ಮೆಮೊರಿ ಬೇಕೆಂದು ತಯಾರಕರೇ ತಿಳಿಸಿದ್ದಾರೆ. ಮಧ್ಯಮ ರೂಪಕ್ಕೆ ಸುಮಾರು 5, ಸಣ್ಣ ರೂಪಕ್ಕೆ ಸುಮಾರು 2 ಸಾಕು.

ಹತ್ತು ಎಂಬ ಅಂಕೆಯನ್ನು ಎಂಟು, ಹನ್ನೆರಡು ಇವುಗಳ ನಡುವೆ ಇಟ್ಟು ನೋಡಿದರೆ ನಮ್ಮ ಚರ್ಚೆ ಮುಗಿದಂತೆಯೇ. ದೊಡ್ಡ ರೂಪವು ಹಳೆಯ ಕಾರ್ಡಿನಲ್ಲಿ ಹಿಡಿಸುತ್ತದೆ, ಹೊಸದರಲ್ಲಿ ಹಿಡಿಸುವುದಿಲ್ಲ. ಅಂಕೆಗಳನ್ನು ಒರಟಾಗಿ ದುಂಡುಮಾಡಿ ತೂಕ ಇಳಿಸಿದ ರೂಪಗಳು ಈಗ ಬಂದಿವೆ, ಅವನ್ನು 8 ಗಿಗಾಬೈಟಿನಲ್ಲಿಯೂ ನಡೆಸಬಹುದು ಎಂಬುದು ನಿಜ. ಇಕ್ಕಟ್ಟಿನ ಮನೆಯಲ್ಲಿಯೂ ಸಂಸಾರ ನಡೆಸಬಹುದು. ಆದರೆ ಅದಕ್ಕೆ ಜಾಣ್ಮೆ ಬೇಕು, ಸಮಯ ಬೇಕು. ಪಾಠಪ್ರವಚನಗಳ ಹೊರೆಯ ನಡುವೆ ಪ್ರಯೋಗಾಲಯವನ್ನೂ ನೋಡಿಕೊಳ್ಳುವ ಅಧ್ಯಾಪಕರ ಮೇಲೆ ಆ ಭಾರವನ್ನು ಹೊರಿಸುವುದು ನ್ಯಾಯವಲ್ಲ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನಮ್ಮ ಕಡೆಯ ಮಾತಿನ ಧಾಟಿಯನ್ನು ಮಾದರಿಗೆ ಕಲಿಸಬೇಕೆಂದಾದರೆ ಬೇಡಿಕೆ ಮತ್ತಷ್ಟು ಹೆಚ್ಚುತ್ತದೆ. ಸಾಮಾನ್ಯ ಕ್ರಮದಲ್ಲಿ ಕಲಿಸುವಾಗ ಒಂದೊಂದು ಅಂಕೆಗೂ ಅದರ ಬೆಲೆ, ತಿದ್ದುವ ದಿಕ್ಕು, ಹಿಂದಿನ ತಿದ್ದುಪಡಿಗಳ ಎರಡು ಸರಾಸರಿಗಳು, ಹೀಗೆ ನಾಲ್ಕು ವಿಷಯಗಳನ್ನು ತಲಾ 4 ಬೈಟುಗಳಲ್ಲಿ ನೆನಪಿಡಬೇಕು. ಒಟ್ಟು 16 ಬೈಟು. ಸಣ್ಣ ರೂಪದ 24.4 ಕೋಟಿ ಅಂಕೆಗಳಿಗೆ ಸುಮಾರು 3.9 ಗಿಗಾಬೈಟ್, ಮಧ್ಯಮ ರೂಪದ 76.9 ಕೋಟಿಗೆ ಸುಮಾರು 12.3 ಗಿಗಾಬೈಟ್. ಧ್ವನಿಗೂ ನಡುವಿನ ಲೆಕ್ಕಗಳಿಗೂ ಬೇಕಾದ ಜಾಗ ಬೇರೆ. ಮೂಲ ಮಾದರಿಯನ್ನು ಮುಟ್ಟದೆ ಅದಕ್ಕೊಂದು ತೆಳುವಾದ ತಿದ್ದುಪಡಿಯ ಪದರವನ್ನು ಮಾತ್ರ ಕಲಿಸುವ ಮಿತವ್ಯಯದ ವಿಧಾನವೂ ಇದೆ. ಯಾವ ವಿಧಾನ ಹಿಡಿದರೂ 12 ಗಿಗಾಬೈಟಿನಲ್ಲಿ ಕೈಕಾಲು ಚಾಚಲು ಹೆಚ್ಚು ಅವಕಾಶ.

ಕನ್ನಡ ಬರೆಹದ ಸ್ವರೂಪವೂ ಇದಕ್ಕೆ ಕೂಡಿಕೊಳ್ಳುತ್ತದೆ. ಯೂನಿಕೋಡ್ ಪದ್ಧತಿಯಲ್ಲಿ ‘ಕನ್ನಡ’ ಎಂಬ ಪದಕ್ಕೆ ಕ, ನ, ವಿರಾಮಚಿಹ್ನೆ, ನ, ಡ ಎಂದು ಐದು ಸಂಕೇತಗಳು. ಇಂದು ಎಲ್ಲೆಡೆ ರೂಢಿಯಲ್ಲಿರುವ ಯುಟಿಎಫ್-8 ಕ್ರಮದಲ್ಲಿ ಒಂದೊಂದಕ್ಕೂ 3 ಬೈಟಿನಂತೆ ಒಟ್ಟು 15 ಬೈಟುಗಳು. ಅದೇ ಪದವನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದರೆ 7 ಅಕ್ಷರ, 7 ಬೈಟು. ಅದೂ ಅಲ್ಲದೆ, ಇಂಗ್ಲಿಷನ್ನು ಪ್ರಧಾನವಾಗಿ ಇಟ್ಟುಕೊಂಡು ಸಿದ್ಧಪಡಿಸಿದ ಭಾಷಾ ಮಾದರಿಗಳು ಇಂಗ್ಲಿಷ್ ಪದವನ್ನು ಒಂದೇ ತುಂಡಾಗಿ ನುಂಗಿದರೆ ಕನ್ನಡ ಪದವನ್ನು ಹಲವು ಚೂರುಗಳಾಗಿ ಒಡೆದುಕೊಳ್ಳುತ್ತವೆ. ಚೂರುಗಳು ಹೆಚ್ಚಿದಷ್ಟೂ ಅವುಗಳನ್ನು ನೆನಪಿನಲ್ಲಿಟ್ಟುಕೊಳ್ಳುವ ಜಾಗವೂ ಹೆಚ್ಚುತ್ತದೆ. ಹೊಸ ಮಾದರಿಗಳಲ್ಲಿ ಈ ತೊಡಕು ಕಡಿಮೆಯಾಗುತ್ತಿದೆ, ಅಳಿದಿಲ್ಲ. ಕನ್ನಡದ ಕೆಲಸ ಮಾಡುವವನಿಗೆ ತೊಟ್ಟಿ ತುಸು ದೊಡ್ಡದೇ ಬೇಕು.

ಕೊಳ್ಳುವವರಿಗೆ ಕೆಲವು ಸೂಚನೆಗಳು

ಮೊದಲನೆಯದು, ಹೆಸರನ್ನು ನಂಬಬಾರದು. 2022ರ ಅಕ್ಟೋಬರಿನಲ್ಲಿ ಅದೇ 3060 ಎಂಬ ಹೆಸರಿನಲ್ಲಿ 8 ಗಿಗಾಬೈಟಿನ ಇನ್ನೊಂದು ಕಾರ್ಡು ಹೊರಬಂತು. ಅದರ ಮಾರ್ಗದ ಅಗಲ 128 ಬಿಟ್, ಹರಿವು ಸೆಕೆಂಡಿಗೆ 240 ಗಿಗಾಬೈಟ್ ಮಾತ್ರ. ಘಟಕಗಳ ಸಂಖ್ಯೆ ಒಂದೇ ಆದುದರಿಂದ ಮೇಲ್ನೋಟಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ. ಕೊನೆಗೆ 3060ನ್ನೇ ಕೊಳ್ಳೋಣವೆಂದು ನಾವು ನಿಶ್ಚಯಿಸಿ ಹಣ ಎಣಿಸುತ್ತಿದ್ದಾಗ ನಮ್ಮ ಮುಂದೆ ಇಟ್ಟಿದ್ದ ಪೆಟ್ಟಿಗೆ ಈ 8 ಗಿಗಾಬೈಟಿನದೇ ಆಗಿತ್ತು. ಮೆಮೊರಿಯ ಬಗ್ಗೆ ಮೊದಲಿನಿಂದಲೂ ಪಟ್ಟು ಹಿಡಿದಿದ್ದ ಮಿತ್ರರು ಪೆಟ್ಟಿಗೆಯನ್ನು ತಿರುಗಿಸಿ ಓದಿದುದರಿಂದ ಉಳಿದುಕೊಂಡೆವು. ಹೊಸದರ ಕೊರತೆಯನ್ನೂ ಹಳೆಯದರ ಕೊರತೆಯನ್ನೂ ಒಟ್ಟಿಗೆ ಕೊಂಡು ತರುವುದರಲ್ಲಿದ್ದೆವು!

ಎರಡನೆಯದು, ಗಣಕಕ್ಕೆ ವಿದ್ಯುತ್ ಒದಗಿಸುವ ಪೆಟ್ಟಿಗೆಯ ಶಕ್ತಿಯನ್ನು ನೋಡಬೇಕು. ಎರಡೂ ಕಾರ್ಡುಗಳಿಗೆ 550 ವ್ಯಾಟಿನದು ಬೇಕೆಂಬುದು ತಯಾರಕರ ಸಲಹೆ. ಸಾಮಾನ್ಯ ಕಚೇರಿ ಗಣಕಗಳಲ್ಲಿ ಅಷ್ಟು ಇರುವುದು ಅಪರೂಪ. ಕಾರ್ಡು ಬಂದರೂ ಗಣಕಕ್ಕೆ ಜೋಡಿಸಲಾಗದೆ ಕಪಾಟು ಸೇರಬಾರದಷ್ಟೆ.

ಮೂರನೆಯದು, ವಿದ್ಯುತ್ತಿನ ಖರ್ಚು. ಪೂರ್ಣ ಹೊರೆಯಲ್ಲಿ ಎರಡರ ಅಂತರ 55 ವ್ಯಾಟ್. ದಿನಕ್ಕೆ 6 ಗಂಟೆಯಂತೆ 200 ದಿನ ದುಡಿದರೆ ವರ್ಷಕ್ಕೆ 66 ಯೂನಿಟ್. ಒಂದು ಕಾರ್ಡಿನ ಮಟ್ಟಿಗೆ ಇದು ದೊಡ್ಡ ಹೊರೆಯಲ್ಲ. ಪ್ರಯೋಗಾಲಯದ ತುಂಬ ಹತ್ತು ಕಾರ್ಡುಗಳಿದ್ದರೆ 660 ಯೂನಿಟ್ಟಾಗುತ್ತದೆ. ಆಗ 4060ರ ಮಿತವ್ಯಯವನ್ನು ಲೆಕ್ಕಕ್ಕೆ ಹಿಡಿಯುವುದು ಯುಕ್ತ.

ನಾಲ್ಕನೆಯದು, ಕಾರ್ಡು ಬೇಕೇ ಎಂದು ಮೊದಲು ಕೇಳಬೇಕು. ಬೆರಳಚ್ಚು, ಲೆಕ್ಕಪತ್ರ, ಪ್ರೋಗ್ರಾಮಿಂಗಿನ ಮೊದಲ ಪಾಠಗಳು ಇವಾವುದಕ್ಕೂ ಬೇಡ. ಮುದ್ರಿತ ಕನ್ನಡ ಪುಟದ ಚಿತ್ರವನ್ನು ಅಕ್ಷರಗಳಾಗಿಸುವ ಟೆಸರಾಕ್ಟ್ ಎಂಬ ಮುಕ್ತ ತಂತ್ರಾಂಶವು ಕಾರ್ಡಿಲ್ಲದೆಯೇ ಕೆಲಸ ಮಾಡುತ್ತದೆ. ಅಂಥ ಶಾಲೆಗೆ ಕಾರ್ಡಿನ ಹಣದಲ್ಲಿ ಪುಸ್ತಕಗಳನ್ನೋ ಒಳ್ಳೆಯ ಸ್ಕ್ಯಾನರನ್ನೋ ಕೊಡುವುದು ಮೇಲು.

ಉಪಸಂಹಾರ

ಚಿತ್ರ, ವೀಡಿಯೊ, ಆಟಗಳ ವಿನ್ಯಾಸ ಕಲಿಸುವ ಪ್ರಯೋಗಾಲಯಕ್ಕೆ 4060 ಉತ್ತಮ. ಅದು ವೇಗದ್ದು, ತಂಪಾದುದು, ವಿದ್ಯುತ್ತನ್ನು ಮಿತವಾಗಿ ಬಳಸುವಂಥದು. ದೊಡ್ಡ ಮಾದರಿಗಳನ್ನು ಹಿಡಿಸಬೇಕಾದ ಕೆಲಸಕ್ಕೆ, ಅದರಲ್ಲಿಯೂ ಕನ್ನಡದ ಮಾತು, ಬರೆಹಗಳ ಕೆಲಸಕ್ಕೆ 12 ಗಿಗಾಬೈಟಿನ 3060 ಉತ್ತಮ. ಕಾಲ ಇಲ್ಲಿಗೆ ನಿಂತಿಲ್ಲ. 2025ರ ಮೇ ತಿಂಗಳಲ್ಲಿ ಇದೇ ಸಾಲಿನ 5060 ಹೊರಬಂತು. ಅದರ ಘಟಕಗಳು 3840, ಮೆಮೊರಿಯ ಹರಿವು ಸೆಕೆಂಡಿಗೆ 448 ಗಿಗಾಬೈಟ್; ಆದರೂ ಮೆಮೊರಿ ಮತ್ತೆ 8 ಗಿಗಾಬೈಟೇ. ಹೆಸರುಗಳೂ ಅಂಕೆಗಳೂ ಇನ್ನು ಮುಂದೆಯೂ ಬದಲಾಗುತ್ತಲೇ ಇರುತ್ತವೆ. ಮಾಡಬೇಕಾದ ಕೆಲಸ ಯಾವುದು, ಅದಕ್ಕೆ ಎಷ್ಟು ಜಾಗ ಬೇಕು, ವೇಗದ ಮಾತು ಅನಂತರದ್ದು ಎಂಬ ಕ್ರಮ ಮಾತ್ರ ಬದಲಾಗುವುದಿಲ್ಲ.

ಈಗ ಶಾಲೆಯ ಒಂದು ಗಣಕದಲ್ಲಿ ಆ ಹಳೆಯ ಕಾರ್ಡು ದುಡಿಯುತ್ತಿದೆ. ಅದು ಬರೆದುಕೊಡುವ ಕನ್ನಡದಲ್ಲಿ ತಪ್ಪುಗಳು ಬೇಕಾದಷ್ಟಿವೆ. ಹಳ್ಳಿಯ ಮಾತಿನ ಧಾಟಿ, ಕೆಮ್ಮು, ಸಭೆಯ ಗದ್ದಲ ಇವು ಯಂತ್ರವನ್ನು ದಿಕ್ಕುಗೆಡಿಸುತ್ತವೆ. ಅಧ್ಯಾಪಕರು ಧ್ವನಿಯನ್ನು ಮತ್ತೆ ಮತ್ತೆ ಕೇಳಿ ಸಾಲುಸಾಲಾಗಿ ತಿದ್ದುತ್ತಾರೆ; ಮೇಲಿನ ತರಗತಿಯ ಮಕ್ಕಳು ನೆರವಾಗುತ್ತಾರೆ. ಯಂತ್ರ ಒಂದು ಗಂಟೆಯ ಮಾತಿಗೆ ಕೆಲವು ನಿಮಿಷ ಹೆಚ್ಚು ತೆಗೆದುಕೊಂಡಿತೆಂದು ಇದುವರೆಗೆ ಯಾರೂ ದೂರಿಲ್ಲ. ಅವರಿಗಿರುವ ಚಿಂತೆ ಬೇರೆ. ಕಪಾಟಿನಲ್ಲಿ ಇನ್ನೂ ಕ್ಯಾಸೆಟ್ಟುಗಳು ಉಳಿದಿವೆ, ಪ್ರತಿ ಮಳೆಗಾಲವೂ ಅವುಗಳ ಧ್ವನಿಯನ್ನು ಅಷ್ಟಷ್ಟು ಮಸುಕುಗೊಳಿಸುತ್ತಿದೆ. ಊರೂರುಗಳಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿಗಳ ಮನೆಗಳಲ್ಲಿಯೂ ಇಂಥ ಕ್ಯಾಸೆಟ್ಟುಗಳಿದ್ದರೆ, ಅವುಗಳನ್ನು ಈ ಮಳೆಗಾಲಕ್ಕೆ ಮುನ್ನವೇ ಶಾಲೆಗೆ ತಲಪಿಸಬೇಕೆಂದು ವಿನಂತಿ. ಹಿಡಿಸುವ ತೊಟ್ಟಿಯಂತೂ ಸಿದ್ಧವಾಗಿದೆ.